ಸಂವಾದ ಸಮ್ಮೇಳನಗಳಿಗೆ ಕಮ್ಮಟದ ಪ್ರಸ್ತಾವವನ್ನು ಬರೆಯುವ ಕ್ರಮ

ಸಾರ್ವಜನಿಕ ವಿಷಯಗಳನ್ನು ಕುರಿತು ಜನರು ಒಟ್ಟಿಗೆ ಕುಳಿತು ಮಾತನಾಡುವ ಕ್ರಮವನ್ನೇ ವಿಚಾರಕ್ಕೆ ತೆಗೆದುಕೊಳ್ಳುವ ಸಮ್ಮೇಳನಗಳು ಈಚಿನ ದಶಕಗಳಲ್ಲಿ ಅನೇಕ ದೇಶಗಳಲ್ಲಿ ನೆರೆಯುತ್ತಿವೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಂವಾದ ಮತ್ತು ಪರ್ಯಾಲೋಚನೆಗಳಿಗಾಗಿ ಏರ್ಪಟ್ಟ ರಾಷ್ಟ್ರೀಯ ಒಕ್ಕೂಟದವರು 2002ನೆಯ ಇಸವಿಯಲ್ಲಿ ವರ್ಜೀನಿಯದ ಅಲೆಕ್ಸಾಂಡ್ರಿಯದಲ್ಲಿಯೂ, 2004ರಲ್ಲಿ ಡೆನ್ವರಿನಲ್ಲಿಯೂ, 2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿಯೂ, 2008ರಲ್ಲಿ ಆಸ್ಟಿನ್ನಿನಲ್ಲಿಯೂ ನಡೆಸಿದ ಸಮ್ಮೇಳನಗಳು ಇವುಗಳಲ್ಲಿ ಪ್ರಸಿದ್ಧವಾದುವು. ಇಂಥ ಸಮ್ಮೇಳನಗಳ ವಿಶೇಷವೇನೆಂದರೆ, ಕಾರ್ಯಕ್ರಮವನ್ನೆಲ್ಲ ಕಾರ್ಯಸಮಿತಿಯವರು ತಾವೇ ನಿಶ್ಚಯಿಸಿಬಿಡುವುದಿಲ್ಲ. ಕೆಲವು ತಿಂಗಳು ಮುಂಚಿತವಾಗಿ ಪ್ರಕಟನೆಯನ್ನು ಹೊರಡಿಸಿ, ಬರಲಿಚ್ಛಿಸುವವರಿಂದಲೇ ಪ್ರಸ್ತಾವಗಳನ್ನು ಕೇಳುತ್ತಾರೆ. ಒಂದು ಅಥವಾ ಒಂದೂವರೆ ಗಂಟೆಯ ಅವಧಿಯಲ್ಲಿ ಇಪ್ಪತ್ತು ಮೂವತ್ತು ಮಂದಿಯನ್ನು ಕೂಡಿಸಿಕೊಂಡು ಯಾವ ಕೆಲಸವನ್ನು ಹೇಗೆ ನಡೆಸುವಿರಿ, ಬಂದವರು ಅದರಿಂದ ಏನನ್ನು ಪಡೆದು ಹೋಗುವರು ಎಂಬುದನ್ನು ಪ್ರಸ್ತಾವಕರು ಒಂದೆರಡು ಪುಟಗಳಲ್ಲಿ ತಿಳಿಸಬೇಕಾಗುತ್ತದೆ. ಈ ಬಗೆಯ ಕೂಟಕ್ಕೆ ನಾವೀಗ ಕಮ್ಮಟವೆಂದು ಹೇಳುತ್ತೇವೆ.

ನಮ್ಮ ವಿದ್ವಾಂಸರಿಗೂ ಸಾಹಿತ್ಯದ ಅಧ್ಯಾಪಕರಿಗೂ ಇಂಥ ಆಹ್ವಾನಗಳು ಬರತೊಡಗಿವೆ. ಅವರು ಬರೆದು ಕಳುಹಿಸುವ ಪ್ರಸ್ತಾವಗಳಾದರೋ ಬಹುಮಟ್ಟಿಗೆ ಉಪನ್ಯಾಸದ ಸಾರಾಂಶಗಳು. ಮೊದಲು ವಿಷಯದ ಮಹತ್ವ, ಆಮೇಲೆ ಪೂರ್ವಸೂರಿಗಳ ಅಭಿಪ್ರಾಯ, ಆಮೇಲೆ ಪ್ರಬಂಧಕಾರರ ನಿಲುವು. ಇವೆಲ್ಲ ಮುಗಿದ ಮೇಲೆ, ಕಡೆಯ ಸಾಲಿನಲ್ಲಿ, ಸಭಿಕರ ಚರ್ಚೆಗೂ ಅವಕಾಶವುಂಟೆಂಬ ಒಂದು ಆಶ್ವಾಸನೆ. ಆ ಅವಕಾಶವು ಒದಗುವ ವೇಳೆಗೆ ಊಟದ ಗಂಟೆ ಬಾರಿಸಿರುತ್ತದೆಂಬುದು ಗೋಷ್ಠಿಗಳಲ್ಲಿ ಕುಳಿತು ಪರಿಚಯವುಳ್ಳ ಸಕಲರಿಗೂ ವಿದಿತವಾದ ಸಂಗತಿ. ಪ್ರಸ್ತಾವಪತ್ರವೆಂಬುದು ಕಾರ್ಯದರ್ಶಿಗಳ ಅನುಕೂಲಕ್ಕಾಗಿ ಬರೆದುಕೊಡುವ ಒಂದು ಅರ್ಜಿಯೆಂದು ತಿಳಿದಿರುವುದೇ ಇದಕ್ಕೆ ಕಾರಣವೆಂದು ತೋರುತ್ತದೆ. ವಾಸ್ತವವಾಗಿ ಆ ಸಭೆಯಲ್ಲಿ ಯಾರು ಮಾತನಾಡುವರು, ಯಾರು ಸುಮ್ಮನೆ ಕುಳಿತಿದ್ದು ಎದ್ದುಹೋಗುವರು ಎಂಬುದು ನಿರ್ಧಾರವಾಗುವುದು ಸಭೆಯ ದಿನದಲ್ಲಲ್ಲ. ಎಷ್ಟೋ ದಿನ ಮೊದಲು ಬರೆದ ಈ ಒಂದೆರಡು ಪುಟಗಳಲ್ಲಿ. ಈ ದೃಷ್ಟಿಯಿಂದ ಪ್ರಸ್ತಾವದ ಸ್ವರೂಪವನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಕಮ್ಮಟವೆಂಬ ಮಾತಿನ ವಿಷಯವಾಗಿ ಎರಡು ಮಾತು ಹೇಳುವುದು ಅಪ್ರಸ್ತುತವಾಗಲಾರದು. ಹಳಗನ್ನಡದಲ್ಲಿ ಅದಕ್ಕೆ ನಾಣ್ಯಗಳನ್ನು ಒತ್ತುವ ಟಂಕಸಾಲೆಯೆಂದು ಅರ್ಥ. ಕೈಗೆಲಸದಿಂದ ಏನನ್ನಾದರೂ ಸಿದ್ಧಪಡಿಸುವ ಸ್ಥಳವೆಂಬ ಸಾಮ್ಯದಿಂದ ಈಗಿನ ಅರ್ಥ ಒದಗಿರುವುದು ಸಹಜವೇ. ಆದರೆ ಟಂಕಸಾಲೆಯಲ್ಲಿ ಅಚ್ಚು ಮೊದಲೇ ಸಿದ್ಧವಾಗಿರುತ್ತದೆ. ಯಾರ ಮನೆಯ ಬಂಗಾರ ಬಂದರೂ ಮೂಡುವುದು ಅದೇ ಮುದ್ರೆ. ಅಭಿಪ್ರಾಯವನ್ನು ಸಭೆಗೆ ಮುಂಚೆಯೇ ಸಿದ್ಧಮಾಡಿಟ್ಟುಕೊಂಡು, ಬಂದವರ ಮಾತಿನ ಮೇಲೆ ಅದನ್ನು ಒತ್ತಿ ಕಳುಹಿಸುವ ಕಮ್ಮಟಗಳು ನಮ್ಮಲ್ಲಿ ವಿರಳವಲ್ಲವಾದ್ದರಿಂದ ಹಳೆಯ ಅರ್ಥವು ಪೂರ್ತಿಯಾಗಿ ಅಳಿದಿಲ್ಲವೆಂದೇ ಹೇಳಬೇಕಾಗಿದೆ.

ಒಟ್ಟಿಗೆ ಕೂಡಿ ಮಾತನಾಡುವ ವಿಧಗಳ ವಿಚಾರ ನಮ್ಮವರಿಗೆ ಹೊಸದಲ್ಲ. ಗೌತಮನ ನ್ಯಾಯಸೂತ್ರಗಳಲ್ಲಿ ಕಥೆ ಅಥವಾ ಸಂವಾದವನ್ನು ವಾದ, ಜಲ್ಪ, ವಿತಂಡವೆಂದು ಮೂರಾಗಿ ವಿಂಗಡಿಸಿದೆ. ಪ್ರಮಾಣ ತರ್ಕಗಳಿಂದ ತತ್ತ್ವವನ್ನು ಅರಿಯುವುದಕ್ಕಾಗಿ ನಡೆಯುವುದು ವಾದ. ಗೆಲ್ಲುವ ಇಚ್ಛೆಯಿಂದ ಛಲ ಜಾತಿಗಳನ್ನೂ ಉಪಯೋಗಿಸಿ ನಡೆಸುವುದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನವನನ್ನು ಖಂಡಿಸುವುದು ಮಾತ್ರವೇ ಆದರೆ ವಿತಂಡ. ಶಾಸ್ತ್ರವಿಚಾರದಲ್ಲಿ ಈ ವಿಭಾಗವು ಸಾಕು. ಜನರ ಸಭೆಗೆ ಇದಕ್ಕಿಂತ ಹೆಚ್ಚು ಉಪಯುಕ್ತವಾದ ವಿಚಾರವು ಚರಕಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯದಲ್ಲಿ ದೊರೆಯುತ್ತದೆ. ವೈದ್ಯನು ವೈದ್ಯನೊಡನೆ ನಡೆಸುವ ಸಂಭಾಷೆಯನ್ನು ಅಲ್ಲಿ ಸಂಧಾಯ, ವಿಗೃಹ್ಯ ಎಂದು ಎರಡು ಬಗೆ ಮಾಡಿದೆ. ಮೊದಲನೆಯದು ಸ್ನೇಹದಿಂದ ನಡೆಯುವುದು, ಎರಡನೆಯದು ವಿರೋಧದಿಂದ ನಡೆಯುವುದು. ಅಷ್ಟಕ್ಕೇ ನಿಲ್ಲದೆ, ಮಾತನಾಡುವವನು ಪರಿಷತ್ತನ್ನು ಮೊದಲು ಪರೀಕ್ಷಿಸಬೇಕೆಂದು ವಿಧಿಸಿ, ಪರಿಷತ್ತು ಬಲ್ಲವರದು, ಅರಿಯದವರದು ಎಂದು ಎರಡು ತೆರನಾಗಿಯೂ, ಅದರಲ್ಲಿ ಪ್ರತಿಯೊಂದೂ ಸುಹೃತ್ತುಗಳದು, ಉದಾಸೀನರದು, ವಿರೋಧಭಾವವನ್ನು ತಳೆದವರದು ಎಂದು ಮೂರು ತೆರನಾಗಿಯೂ ಇರುವುದೆಂದು ಹೇಳಿದೆ. ಚರಕನ ದೃಷ್ಟಿ ಆ ಸಂದರ್ಭದಲ್ಲಿ ಪ್ರತಿವಾದಿಯನ್ನು ಜಯಿಸುವುದರ ಮೇಲಿದೆಯೆಂಬುದು ನಿಜ. ಆದರೂ ಮಾತಿಗೆ ಮುಂಚೆ ಪರಿಷತ್ತಿನ ಪರೀಕ್ಷೆಯೆಂಬ ವಿಧಿಯು ಪ್ರಸ್ತಾವವನ್ನು ಬರೆಯತಕ್ಕವರಿಗೆ ಅತ್ಯಂತ ಅನ್ವಯಿಸತಕ್ಕದ್ದು. ಬರುವವರು ಯಾರು, ಈ ವಿಷಯದಲ್ಲಿ ಅವರಿಗೆ ಏನು ಗೊತ್ತಿದೆ, ನಮ್ಮ ಮೇಲೆ ಅವರಿಗೆ ವಿಶ್ವಾಸವುಂಟೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳದೆ ಬರೆದ ಪ್ರಸ್ತಾವವು ತನ್ನನ್ನು ಕುರಿತೇ ಬರೆದುಕೊಂಡ ಪ್ರಶಸ್ತಿಯಾಗಿಬಿಡುತ್ತದೆ.

ಏರ್ಪಾಟಿನಿಂದಲೇ ಮಾತಿನ ಗತಿಯು ನಿಶ್ಚಯವಾಗುತ್ತದೆಂಬುದಕ್ಕೆ ನಮ್ಮ ನಾಡಿನ ಇತಿಹಾಸದಲ್ಲಿಯೇ ಒಂದು ದೊಡ್ಡ ನಿದರ್ಶನವುಂಟು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ದಿವಾನ್ ರಂಗಾಚಾರ್ಲು ಅವರು ಸ್ಥಾಪಿಸಿದ ಮೈಸೂರು ಪ್ರಜಾಪ್ರತಿನಿಧಿ ಸಭೆಯು 1881ನೆಯ ಅಕ್ಟೋಬರ್ 7ರಂದು 144 ಮಂದಿ ಪ್ರತಿನಿಧಿಗಳೊಡನೆ ಮೊದಲ ಸಲ ಮೈಸೂರಿನಲ್ಲಿ ಸೇರಿತು. ಅಂದಿನ ಪ್ರತಿನಿಧಿಗಳು ಚುನಾಯಿತರಲ್ಲ. ಭೂಮಿವಂತರಿಂದಲೂ ವರ್ತಕರಿಂದಲೂ ಆರಿಸಿ ಕರೆದವರು. ಚುನಾವಣೆಯು ಬಂದದ್ದು 1891ರಲ್ಲಿ. ಸರ್ಕಾರದ ಕಾರ್ಯಗಳನ್ನು ಜನರಿಗೆ ತಿಳಿಸುವುದು, ಜನರ ಕೊರತೆಗಳನ್ನೂ ಅಭಿಪ್ರಾಯಗಳನ್ನೂ ಸರ್ಕಾರವು ಕೇಳುವುದು, ಇವು ಸಭೆಯ ಉದ್ದೇಶಗಳು. ದೇಶೀಯ ಸಂಸ್ಥಾನವೊಂದರಲ್ಲಿ ಅಂಥ ಕಾಲದಲ್ಲಿ ಇಂಥ ಸಭೆಯನ್ನು ಕರೆದುದು ಅಸಾಧಾರಣವಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ದಸರೆಯ ಸಂಭ್ರಮಕ್ಕೆ ರಾಜಧಾನಿಗೆ ಬಂದ ರೈತನು ದಿವಾನರ ಸಮ್ಮುಖದಲ್ಲಿ ನಿಂತು ತನ್ನ ಸೀಮೆಯ ಕೆರೆ ಒಡೆದಿದೆಯೆಂದು ಹೇಳುವುದಕ್ಕೆ ಅಲ್ಲಿ ಎಡೆಯಿತ್ತು.

ಆದರೆ ಮಾತಿನ ದಾರಿಯನ್ನು ಗಮನಿಸಬೇಕು. ಪ್ರತಿನಿಧಿಗಳು ತಮ್ಮ ತಮ್ಮ ತಾಲ್ಲೂಕಿನ ಅಹವಾಲುಗಳನ್ನು ಮುಂದಿಡುವುದು, ದಿವಾನರು ಅವುಗಳಿಗೆ ಉತ್ತರ ಹೇಳುವುದು, ಇದು ಅಲ್ಲಿಯ ಕ್ರಮ. ಮಾತು ಕೆಳಗಿನಿಂದ ಮೇಲಕ್ಕೆ ಹೋಗಿ ಮೇಲಿನಿಂದ ಕೆಳಕ್ಕೆ ಬರುತ್ತಿತ್ತು. ಚಿತ್ರದುರ್ಗದ ಸೀಮೆಯ ಪ್ರತಿನಿಧಿಯೂ ಮಂಡ್ಯದ ಕಡೆಯ ಪ್ರತಿನಿಧಿಯೂ ನೀರಿನ ವಿಷಯವಾಗಿ ಪರಸ್ಪರ ಮುಖ ನೋಡಿ ಮಾತನಾಡಿಕೊಳ್ಳಬೇಕೆಂಬುದು ಆ ಏರ್ಪಾಟಿನ ಅಂಗವಾಗಿರಲಿಲ್ಲ. 1923ರ ಶಾಸನದಿಂದ ಸಭೆಗೆ ನಿಯಮಬದ್ಧವಾದ ಸ್ಥಾನ ದೊರೆತು, ಹಕ್ಕುಗಳು ವಿಸ್ತರಿಸಿದುವು. 1949ರಲ್ಲಿ ಸಭೆಯು ಮುಕ್ತಾಯವಾಯಿತು. ಅದು ನಡೆದ ಅರುವತ್ತೆಂಟು ವರ್ಷಗಳ ಯೋಗ್ಯತೆಯನ್ನು ಇಲ್ಲಿ ತೂಗುವ ಉದ್ದೇಶ ನಮಗಿಲ್ಲ. ನಾವು ಹೇಳುವುದಿಷ್ಟೇ: ಅಹವಾಲು ಮತ್ತು ಉತ್ತರವೆಂಬ ಆಕಾರವು ಒಮ್ಮೆ ಬಿದ್ದುಹೋದರೆ, ಅದರೊಳಗೆ ಎಂಥ ಬುದ್ಧಿವಂತರು ಬಂದು ಕುಳಿತರೂ ಅಹವಾಲನ್ನೇ ಹೇಳುತ್ತಾರೆ, ಉತ್ತರವನ್ನೇ ಕೇಳುತ್ತಾರೆ.

ಇಂದಿನ ಗ್ರಾಮಸಭೆಯನ್ನು ನೋಡಿದವರಿಗೆ ಈ ಮಾತು ಅತಿಶಯವೆಂದು ತೋರಲಾರದು. ಸಂವಿಧಾನದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಮೇಲೆ ಗ್ರಾಮಸಭೆಗೆ ಸಂವಿಧಾನದಲ್ಲಿಯೇ ಸ್ಥಾನವುಂಟಾಯಿತು. ಪಂಚಾಯತಿಯ ಪ್ರದೇಶದ ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಎಲ್ಲರೂ ಅದರ ಸದಸ್ಯರು. ಇಷ್ಟು ದೊಡ್ಡ ಸಂಖ್ಯೆಯ ಜನರಿಗೆ ಸಭೆಯಲ್ಲಿ ಎದ್ದು ಮಾತನಾಡುವ ಹಕ್ಕನ್ನು ಶಾಸನದಿಂದ ಕೊಟ್ಟ ದೇಶಗಳು ಬಹಳವಿಲ್ಲ. ಪರೋಮಿತಾ ಸನ್ಯಾಲ್ ಮತ್ತು ವಿಜಯೇಂದ್ರ ರಾವ್ ಎಂಬ ಸಂಶೋಧಕರು ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳ ಸುಮಾರು 300 ಗ್ರಾಮಸಭೆಗಳಲ್ಲಿ ನಡೆದ ಮಾತನ್ನು ಆಡಿದಂತೆಯೇ ಬರೆಯಿಸಿ ಪರಿಶೀಲಿಸಿದ್ದಾರೆ. ಸಾಹಿತ್ಯದವರು ಪಾಠಾಂತರಗಳನ್ನು ಇಟ್ಟುಕೊಂಡು ಕೆಲಸ ಮಾಡುವಂತೆ ಅವರು ಹಳ್ಳಿಯ ಮಾತಿನ ಪಾಠಗಳನ್ನು ಇಟ್ಟುಕೊಂಡು ಮಾಡಿರುವುದು ನಮ್ಮ ವಾಚಕರಿಗೆ ಸ್ವಾರಸ್ಯವಾದೀತು. ಸರ್ಕಾರವು ಸಭೆಯನ್ನು ನಡೆಸುವ ರೀತಿ, ಅಧಿಕಾರಿಗಳು ಕೊಡುವ ಸಮಾಚಾರದ ಪ್ರಮಾಣ, ಇವುಗಳಿಂದ ಜನರ ಮಾತಿನ ಗುಣವೇ ಬೇರೆಬೇರೆಯಾಗುತ್ತದೆಂಬುದು ಆ ಪರಿಶೀಲನೆಯಿಂದ ಹೊರಪಟ್ಟ ಮುಖ್ಯಾಂಶಗಳಲ್ಲಿ ಒಂದು. ಅಂದರೆ ಜನರಿಗೆ ಮಾತು ಬಾರದೆಂಬ ದೂರಿಗಿಂತ, ಮಾತಿಗೆ ಮಾಡಿದ ಏರ್ಪಾಟು ಎಂಥದೆಂಬ ಪ್ರಶ್ನೆಯೇ ಮುಂದಾಗಿ ಬರತಕ್ಕದ್ದು. ಸಭೆಯ ನಡವಳಿಕೆಯ ಪುಸ್ತಕದಲ್ಲಿ ಚರ್ಚಿಸಿ ತೀರ್ಮಾನಿಸಲಾಯಿತೆಂದು ಬರೆದಿರುತ್ತದೆ, ಚರ್ಚೆಯು ನಡೆದಿರುವುದಿಲ್ಲ. ಹೆಬ್ಬೆಟ್ಟಿನ ಗುರುತು ಇರುತ್ತದೆ. ಅದನ್ನು ಹಾಕಿದವಳ ಅಭಿಪ್ರಾಯವಿರುವುದಿಲ್ಲ. ಸಂವಾದ ಸಮ್ಮೇಳನಗಳಲ್ಲಿ ನಾವು ನಡೆಸುವ ಕಮ್ಮಟವು ಇದೇ ರೋಗದಿಂದ ನರಳುತ್ತಿದ್ದರೆ, ಗ್ರಾಮಸಭೆಯ ವಿಷಯವಾಗಿ ಅಲ್ಲಿ ಮಾತನಾಡುವ ಅಧಿಕಾರ ನಮಗೆ ಎಲ್ಲಿಯದು?

ಹಾಗಾದರೆ ಪ್ರಸ್ತಾವದಲ್ಲಿ ಏನಿರಬೇಕು? ಮೊದಲನೆಯದು ಪ್ರಶ್ನೆ. ವಿಷಯ ಬೇರೆ, ಪ್ರಶ್ನೆ ಬೇರೆ. ‘ಪ್ರಜಾಪ್ರಭುತ್ವದಲ್ಲಿ ಭಾಷೆಯ ಪಾತ್ರ’ ಎಂಬುದು ವಿಷಯ. ಅದನ್ನು ಕುರಿತು ಉಪನ್ಯಾಸ ಮಾಡಬಹುದು, ಮೂವತ್ತು ಮಂದಿ ಕುಳಿತು ಕೆಲಸ ಮಾಡುವುದು ಶಕ್ಯವಿಲ್ಲ. ‘ಗ್ರಾಮಸಭೆಯನ್ನು ಕರೆಯುವ ತಿಳಿವಳಿಕೆ ಪತ್ರವನ್ನು ಓದುಬಾರದವರೂ ಕೇಳಿದ ಮಾತ್ರಕ್ಕೆ ತಿಳಿಯುವಂತೆ ಬರೆಯುವುದು ಹೇಗೆ’ ಎಂಬುದು ಪ್ರಶ್ನೆ. ಇದಕ್ಕೆ ಪ್ರಸ್ತಾವಕರಲ್ಲಿ ಸಿದ್ಧವಾದ ಉತ್ತರವಿರಕೂಡದು. ಉತ್ತರವು ತಿಳಿದಿದ್ದರೆ ಅದನ್ನು ಬರೆದು ಪತ್ರಿಕೆಗೆ ಕಳುಹಿಸುವುದು ಯೋಗ್ಯವೇ ಹೊರತು ಜನರನ್ನು ದೂರದಿಂದ ಕರೆಸುವುದು ನ್ಯಾಯವಲ್ಲ. ಪ್ರಶ್ನೆಯು ನಿಜವಾದ ಪ್ರಶ್ನೆಯೋ ಅಲ್ಲವೋ ಎಂಬುದನ್ನು ಪರೀಕ್ಷಿಸುವುದಕ್ಕೆ ಒಂದು ಸುಲಭವಾದ ಉಪಾಯವುಂಟು. ಕಮ್ಮಟವು ಮುಗಿದಾಗ ಬಂದವರಲ್ಲಿ ಇಬ್ಬರು ಬೇರೆಬೇರೆ ಅಭಿಪ್ರಾಯಗಳಿಂದ ಹೊರಡುವುದು ಸಾಧ್ಯವೇ? ಸಾಧ್ಯವಿಲ್ಲವೆಂದಾದರೆ ಅಲ್ಲಿರುವುದು ಪ್ರಶ್ನೆಯಲ್ಲ, ಉಪದೇಶ. ‘ಅರಿವು ಮೂಡಿಸುವುದು’ ಎಂಬ ಪದಪುಂಜವು ಈಚೆಗೆ ಪ್ರಸ್ತಾವಗಳಲ್ಲಿ ಹೇರಳವಾಗಿ ಕಾಣುತ್ತಿರುವುದು ನಮಗಂತೂ ಹಿತವಾಗಿಲ್ಲ. ಅರಿವು ನಮ್ಮಲ್ಲಿದೆ, ಅವರಲ್ಲಿಲ್ಲ ಎಂಬ ನಂಬಿಕೆಯನ್ನು ಅದು ಮೊದಲ ಸಾಲಿನಲ್ಲಿಯೇ ಸಾರಿಬಿಡುತ್ತದೆ.

ಪ್ರಶ್ನೆಯನ್ನು ಹೂಡುವ ಬಗೆಯಲ್ಲಿಯೇ ಉತ್ತರವು ಅಡಗಿರಬಹುದೆಂಬುದಕ್ಕೆ ನೆರೆಯ ನಾಡಿನ ಒಂದು ಪ್ರಸಂಗ ಉಲ್ಲೇಖಾರ್ಹವಾಗಿದೆ. 2001ರಲ್ಲಿ, ಆಗಿನ ಆಂಧ್ರಪ್ರದೇಶದ ಮೇದಕ್ ಜಿಲ್ಲೆಯಲ್ಲಿ, ‘ಪ್ರಜಾತೀರ್ಪು’ ಎಂಬ ಹೆಸರಿನಿಂದ ಒಂದು ಜನತಾ ಪಂಚಾಯತಿಕೆ ನಡೆಯಿತು. ಸಣ್ಣ ಹಿಡುವಳಿಯ ರೈತರು, ಅವರಲ್ಲಿ ಹೆಚ್ಚಾಗಿ ಹೆಂಗಸರು, ತೀರ್ಪುಗಾರರಾಗಿ ಕುಳಿತು, ರಾಜ್ಯದ ವ್ಯವಸಾಯದ ಭವಿಷ್ಯವನ್ನು ಕುರಿತ ಮೂರು ಚಿತ್ರಗಳನ್ನು ನೋಡಿ, ಸಾಕ್ಷಿಗಳನ್ನು ವಿಚಾರಿಸಿ, ಸರ್ಕಾರದ ‘ವಿಷನ್ 2020’ ಎಂಬ ಯೋಜನೆಯ ದಿಕ್ಕನ್ನು ಒಪ್ಪದೆ ತಮ್ಮ ಅಭಿಪ್ರಾಯವನ್ನು ಕೊಟ್ಟರು. ತೀರ್ಪು ಹೊರಬಿದ್ದ ಮೇಲೆ ವಿವಾದವೆದ್ದಿತು. ತೀರ್ಪುಗಾರರನ್ನು ಆರಿಸಿದ ಬಗೆ ಸರಿಯೇ, ಮೂರು ಚಿತ್ರಗಳನ್ನು ಸಮತೂಕವಾಗಿ ರಚಿಸಿತ್ತೇ ಎಂಬ ಪ್ರಶ್ನೆಗಳು ಬ್ರಿಟನ್ನಿನವರೆಗೂ ಹೋದುವು. ನಮಗೆ ಆ ರೈತ ಮಹಿಳೆಯರ ಮಾತಿನಲ್ಲಿ ಗೌರವವಿದೆ. ಆದರೆ ವಿವಾದವು ಎದ್ದದ್ದು ಅವರ ಮಾತಿನ ಮೇಲಲ್ಲ, ಏರ್ಪಾಟಿನ ಮೇಲೆ ಎಂಬುದನ್ನು ಲಕ್ಷಿಸಬೇಕು. ಯಾರನ್ನು ಏಕೆ ಕರೆದಿದೆ, ಅವರ ಮುಂದೆ ಏನನ್ನು ಇಡಲಾಗುವುದು ಎಂಬುದನ್ನು ಬಿಚ್ಚಿ ಬರೆದಿಡುವುದು, ಬಡವರ ಮಾತನ್ನು ಇಂಥ ಆಕ್ಷೇಪಗಳಿಂದ ಕಾಪಾಡುವ ಉಪಾಯವೂ ಹೌದು.

ಸಾಹಿತ್ಯದ ಅಧ್ಯಾಪಕರಿಗೆ ಈ ತತ್ತ್ವವು ಅಪರಿಚಿತವಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಶರಣರ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿ ಶೂನ್ಯಸಂಪಾದನೆಯನ್ನು ಸಿದ್ಧಪಡಿಸಿದನು. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣ ಇವರು ಅದನ್ನು ಮರಳಿ ಜೋಡಿಸಿದರು. ಬಿಡಿಯಾಗಿದ್ದ ವಚನವನ್ನು ಒಂದು ಪ್ರಶ್ನೆಯ ಮುಂದೆ ಇಟ್ಟರೆ ಅದು ಉತ್ತರವಾಗುತ್ತದೆ, ಇನ್ನೊಂದರ ಮುಂದೆ ಇಟ್ಟರೆ ಬೇರೊಂದು ಉತ್ತರವಾಗುತ್ತದೆ. ಜೋಡಣೆಯಿಂದ ಅರ್ಥವು ಹುಟ್ಟುವುದನ್ನು ತರಗತಿಯಲ್ಲಿ ದಿನವೂ ತೋರಿಸಿಕೊಡುವವರು ತಮ್ಮ ಕಮ್ಮಟದ ಜೋಡಣೆಯಲ್ಲಿ ಮಾತ್ರ ಅಲಕ್ಷ್ಯದಿಂದಿರುವುದು ಆಶ್ಚರ್ಯ.

ಎರಡನೆಯದು ಕಾಲದ ಹಂಚಿಕೆ. ಇದನ್ನು ನಿಮಿಷಗಳಲ್ಲಿಯೇ ಬರೆಯತಕ್ಕದ್ದು. ಮೇಲೆ ಹೇಳಿದ ತಿಳಿವಳಿಕೆ ಪತ್ರದ ಪ್ರಶ್ನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅವಧಿಯು 90 ನಿಮಿಷ, ಬರುವವರು 30 ಮಂದಿ ಎಂದಿಟ್ಟುಕೊಳ್ಳಬಹುದು. ಮೊದಲ 10 ನಿಮಿಷಗಳಲ್ಲಿ ನಿಜವಾದ ಒಂದು ತಿಳಿವಳಿಕೆ ಪತ್ರವನ್ನು, ಊರಿನ ಹೆಸರು ತೆಗೆದುಹಾಕಿ, ಒಮ್ಮೆ ಗಟ್ಟಿಯಾಗಿ ಓದತಕ್ಕದ್ದು. ವ್ಯಾಖ್ಯಾನ ಕೂಡದು. ‘ಕ್ರಿಯಾಯೋಜನೆಯ ಅನುಮೋದನೆ’, ‘ಫಲಾನುಭವಿಗಳ ಆಯ್ಕೆ’, ‘ಘಟನೋತ್ತರ ಮಂಜೂರಾತಿ’ ಎಂಬ ಮಾತುಗಳು ಅದರಲ್ಲಿ ಇದ್ದೇ ಇರುತ್ತವೆ. ಕೇಳಿದವರು ತಮಗೆ ತಿಳಿದುದನ್ನು ಪಕ್ಕದವರಿಗೆ ಹೇಳಬೇಕು. ಮುಂದಿನ 25 ನಿಮಿಷ ಐದೈದು ಮಂದಿಯ ಆರು ಗುಂಪುಗಳು ಕುಳಿತು ಆ ಪತ್ರವನ್ನು ಹೊಸದಾಗಿ ಬರೆಯುವುದು. ಪ್ರತಿ ಗುಂಪಿನಲ್ಲಿಯೂ ಕನ್ನಡದ ಅಧ್ಯಾಪಕನಲ್ಲದ ಒಬ್ಬನಾದರೂ ಇರುವಂತೆ ನೋಡಿಕೊಳ್ಳುವುದು ಅವಶ್ಯ. ಇಲ್ಲವಾದರೆ ‘ಅನುಮೋದನೆ’ಯು ಹೋಗಿ ಅದರ ಸ್ಥಳದಲ್ಲಿ ಇನ್ನೂ ಸೊಗಸಾದ ಒಂದು ಸಂಸ್ಕೃತ ಶಬ್ದವು ಬಂದು ಕುಳಿತೀತು. ಆ ಬಳಿಕ 20 ನಿಮಿಷ, ಗುಂಪುಗಳು ತಮ್ಮ ಬರೆಹವನ್ನು ನೆರೆಯ ಗುಂಪಿನೊಡನೆ ಬದಲಾಯಿಸಿಕೊಂಡು, ಡಂಗುರ ಸಾರುವವನು ಓದುವ ಹಾಗೆ ಓದಿ, ತಿಳಿಯದ ಕಡೆ ತಡೆದು ಕೇಳುವುದು. ಆಮೇಲೆ 25 ನಿಮಿಷ ಎಲ್ಲರೂ ಕೂಡಿ, ಎಲ್ಲಿ ಸುಲಭ ಮಾಡಲು ಹೋಗಿ ಅರ್ಥವು ಕೆಟ್ಟಿತು, ಯಾವ ಪಾರಿಭಾಷಿಕ ಶಬ್ದವನ್ನು ಬಿಡಲಾಗಲಿಲ್ಲ ಎಂಬುದನ್ನು ವಿಚಾರಿಸುವುದು. ಉಳಿದ 10 ನಿಮಿಷ ಬರೆದುಕೊಂಡವರು ತಮ್ಮ ಬರೆವಣಿಗೆಯನ್ನು ಓದಿ ತಿದ್ದಿಸಿಕೊಳ್ಳುವುದಕ್ಕೆ.

ಇದರಲ್ಲಿ ಪ್ರಸ್ತಾವಕರ ಭಾಷಣಕ್ಕೆ ಸ್ಥಳವೆಲ್ಲಿ ಎಂದು ಕೇಳುವವರುಂಟು. ಸ್ಥಳವಿಲ್ಲ. ಅವರ ಪಾಂಡಿತ್ಯವು ಯಾವ ಪತ್ರವನ್ನು ಆರಿಸಿದರೆಂಬುದರಲ್ಲಿ, ಯಾವ ಕ್ರಮದಲ್ಲಿ ಪ್ರಶ್ನೆಗಳನ್ನು ಇಟ್ಟರೆಂಬುದರಲ್ಲಿ ಕಾಣಿಸಬೇಕು. ‘ಜಮಾಬಂದಿ’ ಎಂಬ ಶಬ್ದವು ಹಳೆಯ ಕಂದಾಯದ ವ್ಯವಹಾರದಿಂದ ಬಂದು ಇಂದಿನ ಪಂಚಾಯತಿಯ ಲೆಕ್ಕತಪಾಸಣೆಯಲ್ಲಿ ನೆಲೆಸಿದ ಬಗೆಯನ್ನು ಬಲ್ಲವರು, ಆ ಶಬ್ದವನ್ನು ಉಳಿಸಬೇಕೆ ಬಿಡಬೇಕೆ ಎಂಬ ಪ್ರಶ್ನೆಯು ಗುಂಪಿನಲ್ಲಿ ಎದ್ದಾಗ ಅರ್ಧ ನಿಮಿಷದಲ್ಲಿ ಅದನ್ನು ಹೇಳಿದರೆ, ಒಂದು ಗಂಟೆಯ ಉಪನ್ಯಾಸದಿಂದ ಆಗದಿದ್ದ ಪ್ರಯೋಜನವಾಗುತ್ತದೆ.

ಕಾಲವನ್ನು ಹಂಚಿದ ಮಾತ್ರಕ್ಕೆ ಅದು ಹಂಚಿದಂತೆ ನಡೆಯುವುದಿಲ್ಲ, ನಡೆಸುವವರು ಬೇಕು. ಈ ಸ್ಥಾನಕ್ಕೆ ಅಧ್ಯಕ್ಷರೆಂಬ ಹೆಸರು ಹೊಂದುವುದಿಲ್ಲ. ನಮ್ಮ ಅಧ್ಯಕ್ಷರು ಕಡೆಯಲ್ಲಿ ಮಾತನಾಡಬೇಕೆಂಬ ಸಂಪ್ರದಾಯವಿರುವುದರಿಂದ ಎಲ್ಲರೂ ಆಡಿದ್ದನ್ನು ಕಡೆಯಲ್ಲಿ ತಾವೇ ಆಡಿಬಿಡುತ್ತಾರೆ. ನಮಗೆ ಇದಕ್ಕೆ ಸರಿಯಾದ ಮಾದರಿಯಾಗಿ ತೋರುವವನು ಕರಾವಳಿ ಮಲೆನಾಡುಗಳ ತಾಳಮದ್ದಲೆಯ ಭಾಗವತ. ಅಲ್ಲಿ ಅರ್ಥಧಾರಿಗಳು ಎಷ್ಟೇ ದೊಡ್ಡ ವಾಗ್ಮಿಗಳಾಗಿರಲಿ, ಪದ್ಯವು ಭಾಗವತನ ವಶದಲ್ಲಿರುತ್ತದೆ. ಅವನು ಪದ್ಯವನ್ನು ಹಾಡಿ ಮಾತಿಗೆ ಎಡೆಮಾಡಿಕೊಡುತ್ತಾನೆ. ಮಾತು ಅತಿಯಾಗಿ ಬೆಳೆದು ಪ್ರಸಂಗವು ನಿಂತುಹೋಗುವಂತಾದರೆ ಮುಂದಿನ ಪದ್ಯವನ್ನು ಎತ್ತುತ್ತಾನೆ. ಯಾರಿಗೂ ಅವಮಾನವಾಗುವುದಿಲ್ಲ, ಪ್ರಸಂಗ ಮುಂದಕ್ಕೆ ಹೋಗುತ್ತದೆ. ಅವನು ತಾನಾಗಿ ಅರ್ಥ ಹೇಳುವುದಿಲ್ಲ. ತಾಳಮದ್ದಲೆಯಲ್ಲಿ ಪ್ರೇಕ್ಷಕರಿಗೆ ಮಾತಿಲ್ಲ, ಅರ್ಥಧಾರಿಗಳಲ್ಲಿ ಜಯಾಪೇಕ್ಷೆಯುಂಟು; ಈ ಎರಡರಲ್ಲಿ ಸಾಮ್ಯವು ಕೂಡದು. ಆದರೆ ಮಾತನ್ನು ತಾನು ಆಡದೆ ಇತರರಿಂದ ಆಡಿಸುವ ಅಧಿಕಾರವೊಂದು ಇದೆಯೆಂಬುದನ್ನು ನಮ್ಮವರು ಭಾಗವತನಿಂದ ಕಲಿಯಬಹುದು. ಪ್ರಸ್ತಾವದಲ್ಲಿ ಈ ಭಾಗವತಿಕೆಯನ್ನು ಯಾರು ವಹಿಸುವರೆಂದು ಸ್ಪಷ್ಟವಾಗಿ ಬರೆಯತಕ್ಕದ್ದು. ವಿಷಯದಲ್ಲಿ ಅತಿಶಯವಾದ ಪಾಂಡಿತ್ಯವುಳ್ಳವರನ್ನೇ ಅದಕ್ಕೆ ಆರಿಸುವುದು ಮಾತ್ರ ಹಿತವಲ್ಲ. ಅವರಿಗೆ ಸುಮ್ಮನಿರುವುದು ಕಷ್ಟ.

ಇಷ್ಟು ಮುಂಚಿತವಾದ ಕಟ್ಟುಪಾಡು ಏತಕ್ಕೆ, ಬಂದವರೇ ವಿಷಯಗಳನ್ನು ಅಲ್ಲಿಯೇ ಸೂಚಿಸಿ ಮಾತನಾಡಿಕೊಂಡರಾಗದೆ ಎಂಬ ಆಕ್ಷೇಪಣೆಯು ಗಂಭೀರವಾದದ್ದು. ಹ್ಯಾರಿಸನ್ ಓವೆನ್ ಎಂಬ ಅಮೆರಿಕದವರು 1985ರಲ್ಲಿ ಈ ತತ್ತ್ವದ ಮೇಲೆಯೇ ‘ಬಯಲು’ ಎಂದು ಕರೆಯಬಹುದಾದ ಒಂದು ಕ್ರಮವನ್ನು ಆಚರಣೆಗೆ ತಂದರು. ಸಮ್ಮೇಳನಗಳಲ್ಲಿ ಜನರಿಗೆ ಅತ್ಯಂತ ಪ್ರಿಯವಾದುದು ಕಾಫಿಯ ವಿರಾಮವೆಂಬುದನ್ನು ಕಂಡು, ಇಡೀ ಸಮ್ಮೇಳನವನ್ನೇ ಆ ವಿರಾಮದ ಹಾಗೆ ನಡೆಸಬಾರದೇಕೆಂದು ಅವರು ಯೋಚಿಸಿದರಂತೆ. ಜನರು ವೃತ್ತಾಕಾರವಾಗಿ ಕುಳಿತು, ಬೇಕಾದವರು ಎದ್ದು ಬಂದು ವಿಷಯವನ್ನು ಬರೆದು ಗೋಡೆಗೆ ಅಂಟಿಸಿ, ಬೇಕಾದ ಗುಂಪಿಗೆ ಬೇಕಾದವರು ಹೋಗುತ್ತಾರೆ. ಈ ಕ್ರಮವು ಲೋಕಪ್ರಿಯವಾಗಿರುವುದು ಸಕಾರಣವಾಗಿಯೇ ಇದೆ. ಆದರೆ ನಮ್ಮ ಸಮಾಜದಲ್ಲಿ ವೃತ್ತದ ನಡುವಿಗೆ ಮೊದಲು ಎದ್ದು ಬರತಕ್ಕವರು ಯಾರು? ಎದ್ದು ಬಂದು ರೂಢಿಯುಳ್ಳವರು. ಕುಳಿತುಕೊಳ್ಳುವುದಕ್ಕೇ ಅನುಮತಿಯನ್ನು ಕೇಳುತ್ತ ಬಂದ ಕುಲದವರೂ ಹೆಂಗಸರೂ ಬಯಲಿನಲ್ಲಿಯೂ ಹಿಂದೆಯೇ ಉಳಿಯುತ್ತಾರೆ. ಕಟ್ಟುಪಾಡಿಲ್ಲದ ಸ್ಥಳದಲ್ಲಿ ಇರುವುದು ಸ್ವಾತಂತ್ರ್ಯವಲ್ಲ, ಹಳೆಯ ಕಟ್ಟುಪಾಡು. ಐದು ಮಂದಿಯ ಚಿಕ್ಕ ಗುಂಪು, ಮೊದಲು ಪಕ್ಕದವರೊಡನೆ ಮಾತು, ಸರದಿಯಿಂದ ಮಾತು, ಇವು ಬಾಯಿಗೆ ಹಾಕಿದ ಬೀಗಗಳಲ್ಲ. ಇದುವರೆಗೆ ಮಾತನಾಡದವರಿಗೆ ಕೊಟ್ಟ ಕೀಲಿಕೈಗಳು. ಸ್ವೀಡನ್ನಿನಲ್ಲಿ 1902ರಲ್ಲಿ ಆಸ್ಕರ್ ಓಲ್ಸನ್ ಅವರು ಆರಂಭಿಸಿದ ಅಧ್ಯಯನ ಮಂಡಲಿಗಳು ಕೆಲಸಗಾರರಲ್ಲಿ ಬೇರುಬಿಟ್ಟದ್ದಕ್ಕೆ ಗುಂಪಿನ ಚಿಕ್ಕತನವೂ ಒಂದು ಕಾರಣವೆಂದು ನಾವು ತಿಳಿಯುತ್ತೇವೆ.

ಪ್ರಸ್ತಾವವನ್ನು ಒಬ್ಬರೇ ಬರೆಯುವುದಕ್ಕಿಂತ, ವೃತ್ತಿಯಲ್ಲಿ ತಮಗಿಂತ ಭಿನ್ನರಾದ ಇನ್ನೊಬ್ಬರನ್ನು ಕೂಡಿಕೊಂಡು ಬರೆಯುವುದು ಲೇಸು. ಇಬ್ಬರು ಪ್ರಾಧ್ಯಾಪಕರು ಕೂಡಿದರೆ ಭಿನ್ನತೆ ಹುಟ್ಟುವುದಿಲ್ಲ. ಗ್ರಾಮಪಂಚಾಯತಿಯ ಸದಸ್ಯೆಯೊಬ್ಬರು, ಪಂಚಾಯತಿಯ ಅಭಿವೃದ್ಧಿ ಅಧಿಕಾರಿಯೊಬ್ಬರು, ಪುಸ್ತಕಭಂಡಾರದ ಮೇಲ್ವಿಚಾರಕರೊಬ್ಬರು ಜೊತೆಗಿದ್ದರೆ, ಪ್ರಶ್ನೆಯನ್ನು ಬರೆಯುವಾಗಲೇ ಅದರ ಕೃತಕತೆಯು ಅರ್ಧಕ್ಕೆ ಅರ್ಧ ಕಳೆದುಹೋಗುತ್ತದೆ. ಆದರೆ ಅವರನ್ನು ‘ಅನುಭವ ಹಂಚಿಕೊಳ್ಳಲು’ ಕರೆದು, ಅನುಭವ ಅವರದು ವಿಚಾರ ನಮ್ಮದು ಎಂದು ಕೆಲಸವನ್ನು ಹಂಚಿಕೊಳ್ಳುವ ಪದ್ಧತಿಯನ್ನು ಮಾತ್ರ ಬಿಡಬೇಕು. ಅವರ ಪ್ರಯಾಣವೆಚ್ಚವನ್ನೂ, ಒಂದು ದಿನದ ಕೂಲಿ ನಷ್ಟವಾಗುವುದಾದರೆ ಅದನ್ನೂ ಯಾರು ಭರಿಸುವರೆಂದು ಪ್ರಸ್ತಾವದಲ್ಲಿಯೇ ಕೇಳುವುದು ಸಂಕೋಚದ ಸಂಗತಿಯಲ್ಲ. ಈ ಒಂದು ಸಾಲು ಇಲ್ಲದ್ದರಿಂದ ಎಷ್ಟೋ ಕಮ್ಮಟಗಳಲ್ಲಿ ಬಡವರನ್ನು ಕುರಿತ ಮಾತು ಬಡವರಿಲ್ಲದೆ ನಡೆದುಹೋಗಿದೆ.

ಪ್ರಸ್ತಾವಗಳನ್ನು ಆರಿಸುವ ಸಮಿತಿಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಹೆಸರನ್ನು ಮುಚ್ಚಿಟ್ಟು ಓದಬೇಕು. ಕಾಲದ ಹಂಚಿಕೆಯಿಲ್ಲದ ಪ್ರಸ್ತಾವವನ್ನು ಹಿಂದಿರುಗಿಸಿ ಬರೆಯಿಸಬೇಕು. ಒಂದೇ ಪ್ರಶ್ನೆಯನ್ನು ಹಿಡಿದ ಎರಡು ಪ್ರಸ್ತಾವಗಳು ಬಂದರೆ ಒಂದನ್ನು ತಳ್ಳಿಹಾಕುವುದಕ್ಕೆ ಬದಲಾಗಿ ಇಬ್ಬರನ್ನೂ ಪರಿಚಯ ಮಾಡಿಸಿ ಕೂಡಿಸಬೇಕು.

ಕಡೆಯದಾಗಿ, ಕಮ್ಮಟದಲ್ಲಿ ಹುಟ್ಟಿದ ಬರೆಹದ ಗತಿ. ಸಾಮಾನ್ಯವಾಗಿ ಅದನ್ನು ಸಮ್ಮೇಳನದ ವರದಿಯಲ್ಲಿ ಅಚ್ಚುಮಾಡಿಸುವುದಾಗಿ ಪ್ರಸ್ತಾವಗಳಲ್ಲಿ ಬರೆದಿರುತ್ತದೆ. ವರದಿಯು ಸಮ್ಮೇಳನಕ್ಕೆ ಬಂದವರಿಗೇ ತಲಪುತ್ತದೆ. ತಿಳಿವಳಿಕೆ ಪತ್ರದ ಕಮ್ಮಟವನ್ನೇ ಮತ್ತೆ ಹಿಡಿಯುವುದಾದರೆ, ಅಲ್ಲಿ ಸಿದ್ಧವಾದ ಆರು ಪಾಠಗಳೂ ಮೂಲ ಪತ್ರವನ್ನು ಒದಗಿಸಿದ ಪಂಚಾಯತಿಗೆ ಹದಿನೈದು ದಿನಗಳೊಳಗೆ ಹೋಗಬೇಕು. ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರತಕ್ಕದ್ದಾದ್ದರಿಂದ ಮುಂದಿನ ಸಭೆಗೆ ಅವುಗಳಲ್ಲಿ ಒಂದನ್ನು ಡಂಗುರ ಸಾರಿಸಿಯೋ ಧ್ವನಿವರ್ಧಕದಿಂದಲೋ ಊರಿನಲ್ಲಿ ಓದಿಸಿ ನೋಡುವುದಕ್ಕೆ ಕಾಲವು ಸಾಕು. ಯಾವುದನ್ನು ಓದಿಸಬೇಕೆಂಬುದನ್ನು ಪಂಚಾಯತಿಯವರೇ ಆರಿಸಲಿ. ಯಾವ ಪಾಠವನ್ನೂ ಆರಿಸದಿದ್ದರೆ ಕಾರಣವನ್ನು ಕೇಳಿ ಬರೆದುಕೊಂಡು ಬರತಕ್ಕವರ ಹೆಸರೂ ಪ್ರಸ್ತಾವದಲ್ಲಿ ಇರಬೇಕು.